ಡ್ರೈವರ್ ನಾಗಯ್ಯನವರ ನಿಂಬೆಹಣ್ಣು

ನಾಗಯ್ಯನವರನ್ನು ನಮ್ಮ ಮನೆಯಲ್ಲಿ ಎಲ್ಲರೂ ಏಕವಚನದಲ್ಲಿ ಕರೆಯುತ್ತಾರೆ. ಈ ಡೈರಿಯಲ್ಲಾದರೂ ನಾನು ಹಾಗೆ ಬರೆಯುವುದಿಲ್ಲ. ಅವರಿಗೆ ಐವತ್ನಾಲ್ಕು ವರ್ಷ. ನನ್ನ ಅಪ್ಪನಿಗಿಂತ ಎರಡು ವರ್ಷ ದೊಡ್ಡವರು.

ಹಿಮವದ್ ಗೋಪಾಲಸ್ವಾಮಿ ಬೆಟ್ಟಕ್ಕೆ ಸ್ವಂತ ಗಾಡಿಗಳನ್ನು ಬಿಡುವುದಿಲ್ಲ. ಕೆಳಗೆ ಚೆಕ್‌ಪೋಸ್ಟಿನಲ್ಲಿ ಇಳಿದು ಸರ್ಕಾರಿ ಬಸ್ಸು ಹತ್ತಬೇಕು. ಅಂಥ ಒಂದು ಬಸ್ಸನ್ನು ಒಂಬತ್ತು ವರ್ಷದಿಂದ ಓಡಿಸುತ್ತಿರುವವರು ನಾಗಯ್ಯ. ದಿನಕ್ಕೆ ಏಳೆಂಟು ಸಲ ಹತ್ತುವುದು, ಅಷ್ಟೇ ಸಲ ಇಳಿಯುವುದು. ಅವರ ಅಪ್ಪ ನಮ್ಮ ಮಾವನ ಅಪ್ಪನ ಹೊಲದಲ್ಲಿ ನೀರು ಕಟ್ಟುತ್ತಿದ್ದರಂತೆ. ಏಕವಚನ ಅಲ್ಲಿಂದ ಬಂದದ್ದು. ನಾಗಯ್ಯ ಎಸ್ಸೆಸ್ಸೆಲ್ಸಿಯಲ್ಲಿ ವಿಜ್ಞಾನವೊಂದರಲ್ಲೇ ಫೇಲಾಗಿ, ಗುಂಡ್ಲುಪೇಟೆಯಿಂದ ಕೇರಳಕ್ಕೆ ತರಕಾರಿ ಹೊರುವ ಲಾರಿಯಲ್ಲಿ ಕ್ಲೀನರ್ ಆದರು. ಬತ್ತೇರಿಯಲ್ಲಿ ಲೋಡು ಇಳಿಯುವವರೆಗೆ ಅಲ್ಲಿನ ವಾಚನಾಲಯದಲ್ಲಿ ಕೂತು ಮಲಯಾಳ ಓದಲು ಕಲಿತರು. ಫೇಲಾದ ವಿಜ್ಞಾನವನ್ನು ಅಲ್ಲೇ ಓದಿಕೊಂಡೆ ಎಂದು ಒಮ್ಮೆ ನನ್ನ ಹತ್ತಿರ ಹೇಳಿದ್ದರು. ಮೂವತ್ತೊಂದನೇ ವಯಸ್ಸಿಗೆ ಸರ್ಕಾರಿ ಡ್ರೈವರ್. ಹೆಂಡತಿ ಯಶೋದಮ್ಮ ಅಂಗನವಾಡಿಯಲ್ಲಿ ಸಹಾಯಕಿ. ಮಗಳು ಸಿಂಧು ಮೈಸೂರಿನಲ್ಲಿ ನರ್ಸಿಂಗ್ ಓದುತ್ತಿದ್ದಾಳೆ. ಇಪ್ಪತ್ಮೂರು ವರ್ಷದಲ್ಲಿ ಒಂದು ಅಪಘಾತ ಇಲ್ಲ.

ಇಂಥ ಮನುಷ್ಯ ನಮ್ಮ ಜಗುಲಿಯ ಕೆಳಗೆ ಬಿಸಿಲಲ್ಲಿ ನಿಂತದ್ದು ಒಂದು ವಾಚಿನ ದೆಸೆಯಿಂದ.

ನಮ್ಮ ಮಾವ ಕರಿಬಸವಯ್ಯ ಹೈಸ್ಕೂಲಿನಲ್ಲಿ ಸಮಾಜ ಪಾಠ ಹೇಳಿ ನಿವೃತ್ತರಾದವರು. ಫೋನಿನಲ್ಲಿ ವಿಡಿಯೋ ನೋಡಲು ಕಲಿತ ಮೇಲೆ ಅವರಿಗೆ ಐನ್‌ಸ್ಟೈನ್ ಹಿಡಿದುಕೊಂಡ. ಪ್ರತಿ ಭಾನುವಾರ ಹತ್ತು ಗಂಟೆಗೆ ಅವರ ಇಬ್ಬರು ಗೆಳೆಯರು ಬರುತ್ತಾರೆ: ಗೊಬ್ಬರದ ಅಂಗಡಿಯ ನೀಲಕಂಠಸ್ವಾಮಿ, ಸೊಸೈಟಿಯಲ್ಲಿ ಕಾರ್ಯದರ್ಶಿಯಾಗಿದ್ದ ಶಿವಶಂಕರ. ಮೂರು ಜನ ಕೂತು ಒಂದು ಗಂಟೆಯವರೆಗೆ ಕಾಲ, ಬೆಳಕು, ಭೂಮಿಯ ಸೆಳೆತ ಎಂದು ಕಿರುಚಾಡುತ್ತಾರೆ. ನಡುನಡುವೆ ದಾಸವಾಳದ ಬುಡಕ್ಕೆ ಎಲೆಯಡಿಕೆ ಉಗಿಯುತ್ತಾರೆ. ಗಿಡದ ಎಲೆಯೆಲ್ಲ ಕೆಂಪು ಕೆಂಪಾಗಿ, ಹತ್ತಿರ ಹೋದರೆ ಹುಳಿ ವಾಸನೆ. ನನ್ನ ಮಗಳು ದಾನೇಶ್ವರಿಗೆ ಒಂದೂವರೆ ವರ್ಷ. ಅವಳ ಹೇಲು ಬಳಿಯುವಾಗ ನನಗೆ ಯಾವತ್ತೂ ಅಸಹ್ಯವಾಗಿಲ್ಲ. ಆ ಗಿಡ ತೊಳೆಯುವಾಗ ಆಗುತ್ತದೆ.

"ಟೈಮು ಅನ್ನೋದು ಎಲ್ರಿಗೂ ಒಂದೇ ಅಲ್ಲ ಕಣ್ಲಾ ಶಿವಶಂಕರ. ನಂದೇ ಬ್ಯಾರೆ, ನಿಂದೇ ಬ್ಯಾರೆ," ಎನ್ನುತ್ತಾರೆ ಮಾವ.

"ಅಂಗಾರೆ ಈ ನೀಲಕಂಠಂಗೆ ನಿಮ್ಮನೆ ಊಟದ ಟೈಮು ಮಾತ್ರ ಅದೆಂಗ್ಲಾ ಕರೆಕ್ಟಾಗಿ ಒಂದೇ ಆಯ್ತದೆ?"

"ಅದು ಟೈಮಲ್ಲ ಕಣಯ್ಯ, ಗುರುತ್ವಾಕರ್ಷಣೆ. ನಿಮ್ಮತ್ತಿಗೆ ಬಸ್ಸಾರು ಎಳೀತದೆ," ಎನ್ನುತ್ತಾರೆ ಮಾವ.

ನಗು. ನನಗೂ ನಗು ಬರುತ್ತಿತ್ತು ಮೊದಮೊದಲು.

ಬೆಟ್ಟದ ಮೇಲೆ ಕಾಲ ಬೇಗ ಓಡುತ್ತದೆ, ತಗ್ಗಿನಲ್ಲಿ ನಿಧಾನ ಎಂದು ಯಾವುದೋ ವಿಡಿಯೋದಲ್ಲಿ ಬಂತು. ಅದು ನಿಜವೇ, ಆದರೆ ನಮ್ಮ ಬೆಟ್ಟದ ಎತ್ತರಕ್ಕೆ ಆಗುವ ವ್ಯತ್ಯಾಸ ಯಾವ ವಾಚಿಗೂ ಸಿಕ್ಕುವಂಥದ್ದಲ್ಲ. ವಿಡಿಯೋದಲ್ಲಿ ಅದನ್ನೂ ಹೇಳಿದ್ದರು. ಇವರು ಅಷ್ಟು ಹೊತ್ತಿಗೆ ಜಗಳಕ್ಕೆ ಬಿದ್ದಿದ್ದರು. ಬಸ್‌ಸ್ಟ್ಯಾಂಡಿನ ಅಂಗಡಿಯಿಂದ ಒಂದೇ ಥರದ ಎರಡು ವಾಚು ತಂದರು. ಒಂದು ನಮ್ಮ ದೇವರಮನೆಯ ಗೂಡಿನಲ್ಲಿ, ಇನ್ನೊಂದು ಬೆಟ್ಟದ ಮೇಲೆ. ಒಂದು ತಿಂಗಳಾದ ಮೇಲೆ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡುವುದು ಎಂದಾಯಿತು. ಮೇಲಕ್ಕೆ ಒಯ್ಯಲು ಒಬ್ಬರು ಬೇಕಿತ್ತಲ್ಲ, ನಾಗಯ್ಯನವರನ್ನು ಕರೆಸಿದರು.

ಅವತ್ತು ಅವರು ಮೆಟ್ಟಿಲ ಕೆಳಗೇ ನಿಂತರು. ಮೇಲೆ ಬಾ ಎಂದು ಯಾರೂ ಅನ್ನಲಿಲ್ಲ. "ಆಯ್ತು ಮೇಷ್ಟ್ರೇ, ಮ್ಯಾಲೆ ದೇವಸ್ಥಾನದ ಅಡುಗೆಯೋರ ತಾವ ಇರಿಸ್ತೀನಿ. ದಿನಾ ನೋಡ್ಕೊಂಡು ವಾರವಾರ ಬಂದು ಯೋಳ್ತೀನಿ," ಎಂದರು. ಅವರ ಅಪ್ಪ 'ಬುದ್ಧಿ' ಅನ್ನುತ್ತಿದ್ದರಂತೆ, ಇವರು 'ಮೇಷ್ಟ್ರೇ' ಅನ್ನುತ್ತಾರೆ. ಅವರು ಹೋದ ಮೇಲೆ ಶಿವಶಂಕರ ಆ ಮಾತನ್ನು ಎತ್ತಿ ಆಡಿಕೊಂಡರು.

ನಾಗಯ್ಯ ಇನ್ನೂ ಕೆಳಗೆ ನಿಂತಿದ್ದಾಗ ಒಳಗೆ ನಾನು ಕಾಫಿ ಬಗ್ಗಿಸುತ್ತಿದ್ದೆ. ಅತ್ತೆ ಮೆಲ್ಲಗೆ, "ಮ್ಯಾಲ್ಗಡೆ ಪೇಪರ್ ಲೋಟ ಅವಲ್ಲ, ಅವ್ನಿಗೆ ಅದ್ರಲ್ಲಿ ಕೊಡು ಕಣಮ್ಮಿ," ಎಂದರು. ಅವು ದಾನೇಶ್ವರಿಯ ನಾಮಕರಣಕ್ಕೆ ತಂದು ಉಳಿದ ಲೋಟಗಳು. ಗುಲಾಬಿ ಬಣ್ಣದ ಹೂವಿನವು, ನಾನೇ ಆರಿಸಿದ್ದೆ. ಮೂರು ಸ್ಟೀಲ್ ಲೋಟ, ಒಂದು ಪೇಪರ್ ಲೋಟ ತಟ್ಟೆಯಲ್ಲಿಟ್ಟುಕೊಂಡು ಹೋದೆ. ಒಯ್ದವಳು ನಾನೇ. ಜಗುಲಿಯ ಮೇಲೆ ಮಾವ ಹೇಳುತ್ತಿದ್ದರು: "ಈ ಜಗತ್ನಲ್ಲಿ ಮೇಲು ಕೆಳಗು ಅನ್ನೋದೇ ಇಲ್ಲ ಕಣ್ರಯ್ಯ. ಎಲ್ಲಾ ನೋಡೋನು ಎಲ್ಲಿ ನಿಂತವ್ನೆ ಅನ್ನೋದ್ರ ಮ್ಯಾಲೆ."

ನಾಗಯ್ಯ ಕಾಫಿ ಕುಡಿದು, ಲೋಟ ಹಿಸುಕಿ ಜೇಬಿಗೆ ಹಾಕಿಕೊಂಡು ಹೋದರು.

ಎರಡನೇ ಭಾನುವಾರ ಬಂದಾಗ, ವಾಚು ಚೆನ್ನಾಗಿ ಓಡುತ್ತಿದೆ ಎಂದು ಹೇಳಿ, ಹೋಗದೆ ನಿಂತೇ ಇದ್ದರು.

"ಇನ್ನೇನ್ಲಾ ನಾಗ?" ಎಂದರು ನೀಲಕಂಠಸ್ವಾಮಿ.

"ಏನಿಲ್ಲ, ನಂದೊಂದು ಇತ್ತು. ಬೆಟ್ಟದ ರಸ್ತೇಲಿ ನಾನು ಕಂಡದ್ದು. ನೀವೆಲ್ಲ ಇದೇ ಮಾತಾಡ್ತೀರಲ್ಲ, ಸರಿಯಾ ತೆಪ್ಪಾ ಅಂತ ಕೇಳನ ಅಂತ."

"ಯೋಳು ಮತ್ತೆ."

"ಹೋದ ಮಳೆಗಾಲದಲ್ಲಿ ಇಳೀತಿದ್ದೆ. ಮೋರಿ ತಾವ ರಸ್ತೆ ಕುಸಿದಿತ್ತು, ಕಾಣ್ನಿಲ್ಲ. ಬಸ್ಸು ಎಗರ್ಬುಡ್ತು. ಮಾದಪ್ಪನ ಫೋಟೋ ಮುಂದೆ ಒಂದು ನಿಂಬೆಹಣ್ಣು ಮಡಗಿದ್ದೆ..."

"ನಿಂಬೆಹಣ್ಣಾ!" ಶಿವಶಂಕರ ತೊಡೆ ತಟ್ಟಿಕೊಂಡರು. "ನಿಂಬೆಹಣ್ಣಲ್ಲಿ ಮಾಟ ಮಾಡ್ತಾರೆ ಕಣ್ಲಾ, ವಿಜ್ಞಾನ ಮಾಡಾಕಿಲ್ಲ!"

ಮೂವರೂ ನಕ್ಕರು. ನೀಲಕಂಠಸ್ವಾಮಿಗೆ ನಕ್ಕೂ ನಕ್ಕೂ ಎಲೆಯಡಿಕೆ ಗಂಟಲಿಗೆ ಸಿಕ್ಕಿ ಕೆಮ್ಮು ಬಂತು. ಮಾವ ದೊಡ್ಡ ಮನಸ್ಸು ಮಾಡಿದವರಂತೆ, "ಇರ್ಲಿ ಬುಡ್ರಪ್ಪ. ನೋಡ್ಲಾ ನಾಗ, ಮೊದ್ಲು ಈ ವಾಚಿನ ಕೆಲ್ಸ ಮುಗೀಲಿ. ಅವತ್ತು ನಿನ್ನ ನಿಂಬೆಹಣ್ಣೂ ಕೇಳ್ತೀವಿ. ಕೂರಿಸ್ಕಂಡೇ ಕೇಳ್ತೀವಿ," ಎಂದರು.

ನಾಗಯ್ಯನವರ ಮುಖ ಅರಳಿದ್ದನ್ನು ನಾನು ಕಿಟಕಿಯಿಂದ ನೋಡಿದೆ. ಆ ಅರಳಿದ ಮುಖ ನೆನೆದರೆ ಈಗಲೂ ನನಗೆ ಕೋಪ ಬರುತ್ತದೆ.

ಅವರು ಕಂಡದ್ದೇನು ಎಂದು ನನಗೆ ಗೊತ್ತಾದದ್ದು ಮೂರನೇ ವಾರ. ಮಗುವಿಗೆ ಲಸಿಕೆ ಹಾಕಿಸಿಕೊಂಡು ಆಸ್ಪತ್ರೆಯಿಂದ ಬರುವಾಗ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಿದ್ದರು. ಮಗುವನ್ನು ನೋಡಿ, "ಸೂಜಿ ಚುಚ್ಚಿದ್ರಾ ನನ್ನವ್ವಂಗೆ," ಎಂದು ಮಾತಾಡಿಸಿದರು. ನಿಂಬೆಹಣ್ಣಿನ ವಿಷಯ ನಾನಾಗಿಯೇ ಕೇಳಿದೆ.

"ಬಸ್ಸು ಎಗರಿದಾಗ ಒಂದು ಗಳಿಗೆ, ಕಣ್ಣು ಮುಚ್ಚಿ ತೆಗೆಯೋ ಅಷ್ಟು, ನಾನೂ ಸೀಟು ಬುಟ್ಟು ಎದ್ದಿದ್ದೆ ಕಣವ್ವ. ನಿಂಬೆಹಣ್ಣೂ ಎದ್ದಿತ್ತು. ಕಂಡಕ್ಟರ್ ಕತ್ತಿನ ಟಿಕೆಟ್ ಮಿಶಿನ್ನೂ ಎದ್ದಿತ್ತು. ದಪ್ಪ ಮನ್ಸ ನಾನು, ಅದು ಅಂಗೈಲಿ ಅಡಗೋ ಹಣ್ಣು. ಎಲ್ಲಾ ಒಂದೇ ಸಮ ತೇಲ್ತಾ ಇದ್ದೋ. ಆಗ ನಂಗೆ ಮೈಮೇಲೆ ಭಾರಾನೇ ಇರ್ನಿಲ್ಲ. ಬೀಳೋವಾಗ ತಾನೇ ಭೂಮಿ ಎಳೀಬೇಕು? ಆಗ್ಲೇ ಎಳೆದಂಗೆ ಗೊತ್ತಾಗ್ನಿಲ್ಲ ಅಂದ್ಮೇಲೆ, ದಿನಾ ನಮಗೆ ಭಾರ ಅಂತ ಗೊತ್ತಾಗೋದು ಏನು? ಭೂಮಿ ಎಳೆಯೋದಲ್ಲ, ಸೀಟು ಕೆಳಗಿಂದ ಒತ್ತೋದು. ಒಂದು ವರ್ಸದಿಂದ ಇದನ್ನೇ ಯೋಚ್ನೆ ಮಾಡ್ತಿವ್ನಿ. ಯಾರಾರಾ ಓದ್ದೋರು ಸರಿ ಅಂದ್ರೆ ಸಾಕು, ತೆಪ್ಪು ಅಂದ್ರೂ ಸಾಕು."

ನನ್ನ ಮೈ ಜುಮ್ಮೆಂದಿತು. ಪಿಯುಸಿಯಲ್ಲಿ ಬೀಳುವ ಲಿಫ್ಟಿನ ಪಾಠ ಇತ್ತು. ಹಗ್ಗ ಕಡಿದು ಬೀಳುವ ಲಿಫ್ಟಿನಲ್ಲಿ ಮನುಷ್ಯನಿಗೆ ತೂಕ ತಿಳಿಯುವುದಿಲ್ಲ, ತೂಕವೆಂದು ನಾವು ಅನುಭವಿಸುವುದು ಕಾಲಕೆಳಗಿನ ನೆಲದ ಒತ್ತನ್ನು. ಅದನ್ನು ನಾನು ಬಾಯಿಪಾಠ ಮಾಡಿ ಐದು ಅಂಕ ತೆಗೆದಿದ್ದೆ. ಇವರು ಸ್ಟೇರಿಂಗ್ ಹಿಡಿದು ಅದನ್ನು ತಾವೇ ಕಂಡುಕೊಂಡಿದ್ದರು. "ಸರಿಯಾಗಿದೆ ನೀವು ಹೇಳೋದು" ಅನ್ನುವ ಮಾತು ತುಟಿಗೆ ಬಂದಿತ್ತು. ಅಷ್ಟರಲ್ಲಿ ಮಗು ಅತ್ತಿತು. ಹೇಗೂ ಕೊನೆಯ ಭಾನುವಾರ ಮಾವನ ಮುಂದೆ ಹೇಳುತ್ತಾರಲ್ಲ, ಅಲ್ಲೇ ಗೊತ್ತಾಗಲಿ, ನಡುವೆ ನಾನ್ಯಾಕೆ ಎಂದುಕೊಂಡು ಸುಮ್ಮನಾದೆ. ಮಗು ಅತ್ತದ್ದೇ ಕಾರಣ ಎಂದು ಬರೆದರೆ ಸುಳ್ಳಾಗುತ್ತದೆ.

ಈಗ ಗಡಿಯಾರದ ವಿಷಯ. ನಮ್ಮ ಮನೆಯ ಗೋಡೆ ಗಡಿಯಾರ ಯಾವಾಗಲೂ ಹತ್ತು ನಿಮಿಷ ಮುಂದಿರುತ್ತದೆ. ಮಾವ ಸ್ಕೂಲಿಗೆ ಹೋಗುತ್ತಿದ್ದಾಗ ದಿನಾ ಬಸ್ಸು ತಪ್ಪಿಸಿಕೊಳ್ಳುತ್ತಿದ್ದರೆಂದು ಅತ್ತೆ ಹಾಗೆ ಇಟ್ಟದ್ದು. ಮಾವ ನಿವೃತ್ತರಾಗಿ ಆರು ವರ್ಷವಾದರೂ ಅತ್ತೆ ಅದನ್ನು ಬದಲಾಯಿಸಿಲ್ಲ. ಅವರ ಅಡುಗೆ, ಸ್ನಾನ, ಲಿಂಗಪೂಜೆ ಎಲ್ಲ ಅದರ ಪ್ರಕಾರವೇ. ಪ್ರಯೋಗ ಶುರುವಾದ ಮೂರೋ ನಾಲ್ಕೋ ದಿನಕ್ಕೆ ಅತ್ತೆ ಪೂಜೆಗೆ ಕೂತವರು ಗೂಡಿನ ವಾಚು ನೋಡಿ, "ಇದೇನಮ್ಮಿ, ಹೊಸ ವಾಚು ಆಗ್ಲೇ ಹತ್ನಿಮಿಷ ಹಿಂದೆ ಬಿದ್ದದೆ," ಎಂದು ವಿಭೂತಿ ಕೈಯಲ್ಲೇ ತಿರುಗಿಸಿ ಗೋಡೆ ಗಡಿಯಾರಕ್ಕೆ ಸರಿ ಮಾಡಿಬಿಟ್ಟರು. ನಾನು ಮಗುವಿಗೆ ರಾಗಿ ಮಣ್ಣಿ ತಿನ್ನಿಸುತ್ತಾ ನೋಡಿದೆ. ಆಗ ನಗು ಬಂದಿತ್ತು.

ಕೊನೆಯ ಭಾನುವಾರ ನಾಗಯ್ಯ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದರು. ತಲೆಗೆ ಎಣ್ಣೆ ಹಾಕಿ ಬಾಚಿದ್ದರು. ಅಂಗಿಯ ಜೇಬು ಉಬ್ಬಿತ್ತು. ನಿಂಬೆಹಣ್ಣು ತಂದಿದ್ದಾರೆ ಎಂದು ನೋಡಿದೊಡನೆ ತಿಳಿಯಿತು. ವಾಚನ್ನು ಕರ್ಚೀಫಿನಿಂದ ಬಿಚ್ಚಿ ಜಗುಲಿಯ ಅಂಚಿಗಿಟ್ಟರು. ಮಾವ ಮನೆಯದನ್ನು ತಂದು ಪಕ್ಕಕ್ಕಿಟ್ಟರು. ಮನೆಯ ವಾಚು ಹತ್ತು ನಿಮಿಷ ಮುಂದಿತ್ತು.

ಮೂವರೂ ಬಗ್ಗಿ ಎರಡು ವಾಚನ್ನೂ ಮತ್ತೆ ಮತ್ತೆ ನೋಡಿದರು. ಆಮೇಲೆ ಮಾವ ಎದ್ದು ನಿಂತು, "ಬಿದ್ದ ಕಣ್ಲಾ ಐನ್‌ಸ್ಟೈನು!" ಎಂದು ಕೂಗಿದರು. "ಬೆಟ್ಟದ ಮ್ಯಾಲೆ ಟೈಮು ಬೇಗ ಓಡ್ತದೆ ಅಂದಿದ್ದ. ನೋಡು, ನಿಧಾನ ಓಡ್ಯದೆ! ದೇವ್ರಿರೋ ಜಾಗ ಅದು. ಪೇಪರಿಗೆ ಬರೀತೀನಿ, ಇವತ್ತೇ ಬರೀತೀನಿ!"

"ಫೋಟೋ ತೆಗೀರಿ, ಫೋಟೋ," ಎಂದರು ನೀಲಕಂಠಸ್ವಾಮಿ.

ನಾಗಯ್ಯ ತಮ್ಮ ಫೋನು ತೆಗೆದು ನೋಡಿದರು. ತಲೆಯೆತ್ತಿ ಬಾಗಿಲ ಒಳಗಿನ ಗೋಡೆ ಗಡಿಯಾರವನ್ನು ನೋಡಿದರು. ಡ್ಯೂಟಿ ಟೈಮಿನ ಮೇಲೇ ಬದುಕಿದವರಲ್ಲವೇ. "ಮೇಷ್ಟ್ರೇ, ಬೆಟ್ಟದ ವಾಚು ಫೋನಿಗೆ ಸರಿಯಾಗಿ ಅದೆ. ನಿಮ್ಮ ವಾಚು ಗ್ವಾಡೆ ಗಡಿಯಾರಕ್ಕೆ ಸರಿಯಾಗಿ ಅದೆ. ಯಾರಾರಾ ಅದ ನೋಡ್ಕಂಡು ತಿರುಗಿಸವ್ರೇನೋ ಒಸಿ ಕೇಳಿ."

"ಫೋನಿನ ಟೈಮು ಟವರಿಂದು ಕಣ್ಲಾ," ಎಂದರು ಶಿವಶಂಕರ. "ಟವರು ಎತ್ತರದಲ್ಲಿರಾಕಿಲ್ವ? ಅದೂ ಬೆಟ್ಟದ ಲೆಕ್ಕವೇ."

"ಗುಂಡ್ಲುಪೇಟೆ ಟವರು ಅಷ್ಟು ಎತ್ತರ ಇಲ್ಲ ಸ್ವಾಮಿ," ಎಂದು ನಾಗಯ್ಯ ಮೆಲ್ಲಗೆ ನಕ್ಕರು. ಅದೊಂದು ನಗು ಸಾಕಾಯಿತು.

"ನಮ್ಮ ದೇವ್ರಮನೆಗೆ ಯಾವನ್ಲಾ ಕೈ ಹಾಕಾನು?" ಮಾವನ ದನಿ ಬೇರೆಯಾಯಿತು. "ನೀನು ಎಲ್ಲೆಲ್ಲಿ ಮಡಗಿದ್ಯೋ, ಯಾವ್ಯಾವನ ಕೈಗೆ ಕೊಟ್ಟಿದ್ಯೋ. ತಿರುಗಿಸ್ಬುಟ್ಟು ಈಗ ನಮ್ಮನೆ ಮ್ಯಾಲೆ ಹಾಕ್ತೀಯಾ?"

"ಇಂಥೋರ ಕೈಗೆ ಇಂಥ ಕೆಲ್ಸ ಕೊಟ್ಟುದ್ದೇ ತೆಪ್ಪು," ಎಂದರು ನೀಲಕಂಠಸ್ವಾಮಿ, ನಾಗಯ್ಯ ಅಲ್ಲಿಲ್ಲವೇನೋ ಎಂಬಂತೆ.

"ನಾನು ಮುಟ್ಟಿಲ್ಲ ಮೇಷ್ಟ್ರೇ. ದಿನಾ ನೋಡಿವ್ನಿ, ಅಷ್ಟೇ."

ಬಾಗಿಲ ಹಿಂದೆ ಅತ್ತೆ ಸೆರಗು ಹಿಡಿದುಕೊಂಡು ನಿಂತಿದ್ದರು. ನನ್ನ ಮುಖ ನೋಡಿದರು, ಒಳಗೆ ಹೋದರು. ನಾನೂ ಒಳಗೆ ಹೋದೆ. ಒಂದು ಮಾತು ಸಾಕಿತ್ತು. ನನ್ನ ಬಾಯಿಗೆ ಯಾರೂ ಬೀಗ ಹಾಕಿರಲಿಲ್ಲ. ಅದರ ಬದಲು ನಾನು ನಾಲ್ಕು ಸ್ಟೀಲ್ ಲೋಟಕ್ಕೆ ಕಾಫಿ ಬಗ್ಗಿಸಿದೆ. ಅದರಿಂದಲೇ ಎಲ್ಲ ಸರಿಹೋಗುತ್ತದೆ ಎನ್ನುವ ಹಾಗೆ! ಹೊರಗೆ ಒಯ್ದು ಮೊದಲು ನಾಗಯ್ಯನವರ ಮುಂದೆ ಹಿಡಿದೆ. ಮಾವ ನನ್ನನ್ನು ನೋಡಿದ ನೋಟ ಬರೆಯಲು ಇಷ್ಟವಿಲ್ಲ.

ನಾಗಯ್ಯ ಲೋಟ ನೋಡಿದರು. "ಬ್ಯಾಡ ಕಣವ್ವ. ಪೇಪರ್ ಲೋಟಾನೇ ಎಷ್ಟೋ ವಾಸಿ. ಅದಾದ್ರೆ ಕುಡಿದು ನಾನೇ ತಕ್ಕೊಂಡೋಯ್ತೀನಿ, ನಂದು ಅಂತ ಏನೂ ಇಲ್ಲಿ ಉಳಿಯಾಕಿಲ್ಲ. ಇದನ್ನ ನಾನು ಹೋದ್ಮೇಲೆ ನೀವು ಬೆಂಕಿಗಿಟ್ಟು ತೊಳೀಬೇಕು. ಆ ಕೆಲ್ಸ ನಿಮಗ್ಯಾಕೆ?"

ಕಾಫಿ ಕುಡಿಯದೆ ಹೋದರು. ಗೇಟು ದಾಟುವಾಗ ಕೈ ಜೇಬಿನ ಮೇಲಿತ್ತು. ನಿಂಬೆಹಣ್ಣು ಯಾರಿಗೂ ನೆನಪಿರಲಿಲ್ಲ.

ಬುಧವಾರ ನನ್ನ ಹೊಟ್ಟೆಯಲ್ಲಿ ಅದು ತಡೆಯಲಿಲ್ಲ. ಮಾವನಿಗೆ ಊಟ ಬಡಿಸುತ್ತಾ, "ಮಾವ, ವಾಚು ತಿರುಗಿಸಿದ್ದು ಅತ್ತೆ. ನಾನೇ ನೋಡಿದೀನಿ. ನಾಗಯ್ಯನವರದ್ದು ತಪ್ಪಿಲ್ಲ," ಎಂದೆ.

ಮಾವ ಮುದ್ದೆ ಮುರಿದು ಸಾರಿಗೆ ಅದ್ದಿದರು. "ಗೊತ್ತು ಬುಡವ್ವ. ಅವತ್ತು ರಾತ್ರೀಕೇ ನಿಮ್ಮತ್ತೆ ಯೋಳಿದ್ಲು."

"ಮತ್ತೆ... ಅವರಿಗೆ ಹೇಳಬೇಕಲ್ವಾ?"

"ಏನಂತ? ಅವನ ಬೀದಿಗೋಗಿ ತೆಪ್ಪಾಯ್ತು ಕಣಪ್ಪ ನಾಗ ಅನ್ಬೇಕಾ? ಆಗಿದ್ದಾಯ್ತು. ಒಸಿ ಸಾರು ಹಾಕು."

ಹಾಕಿದೆ. ಅವರು ನುಂಗಿದ ಸದ್ದು ಕೇಳಿಸಿತು. ಅವತ್ತು ನಾನು ಊಟ ಮಾಡಲಿಲ್ಲ. ನನ್ನ ಗಂಡ ಬಸವಪ್ರಸಾದ್ ಬದನಗುಪ್ಪೆಯ ಫ್ಯಾಕ್ಟರಿಯಿಂದ ಬಂದಾಗ ಎಲ್ಲ ಹೇಳಿದೆ. "ಅಪ್ಪ ಅಲ್ವಾ, ಏನ್ಮಾಡನ ಹೇಳು," ಎಂದರು. ಅವರ ಮೇಲೂ ಹೇಸಿಗೆ ಹುಟ್ಟಿತು. ಅವರು ಮಗುವನ್ನು ಎತ್ತಿಕೊಂಡು ಆಡಿಸುತ್ತಿದ್ದುದರಿಂದ ಅದು ಹೆಚ್ಚು ಹೊತ್ತು ಉಳಿಯಲಿಲ್ಲ.

ಮುಂದಿನ ಭಾನುವಾರ ಜಗುಲಿಯಲ್ಲಿ ಮತ್ತೆ ಶುರು. ಕಾಲ ಹಿಂದಕ್ಕೆ ಹರಿಯಬಹುದೇ ಇಲ್ಲವೇ ಎಂದು. "ಮಧು, ಕಾಪಿ ತಾರವ್ವ!" ಎಂದು ಮಾವ ನನ್ನನ್ನು ಕೂಗಿದರು. ನಾನು ಮೂವರಿಗೂ ಗುಲಾಬಿ ಹೂವಿನ ಪೇಪರ್ ಲೋಟದಲ್ಲಿ ಕೊಟ್ಟೆ. "ಲೋಟ ಎಲ್ಲಿ ಹೋದೋ?" ಎಂದರು ಶಿವಶಂಕರ. "ತೊಳೆಯೋಕೆ ಹಾಕಿದೀನಿ. ನಿಮ್ಮ ಎಂಜಲು ಬೇಗ ಹೋಗಲ್ಲ," ಎಂದೆ. ತಮಾಷೆ ಎಂದುಕೊಂಡು ನಕ್ಕರು. ಮಾವ ನಗಲಿಲ್ಲ. ಅವತ್ತಿನಿಂದ ಪ್ರತಿ ವಾರ ಹಾಗೇ ಕೊಡುತ್ತಿದ್ದೇನೆ. ಇದು ದೊಡ್ಡ ಕೆಲಸವಲ್ಲ ಎಂದು ನನಗೆ ಗೊತ್ತು.

ತವರಿಗೆ, ಕುದೇರಿಗೆ, ಹೋದಾಗ ಅಟ್ಟದಿಂದ ನನ್ನ ಪಿಯುಸಿ ಪುಸ್ತಕ ಹುಡುಕಿ ತೆಗೆದೆ. ಆ ಲಿಫ್ಟಿನ ಪಾಠವನ್ನು ಇಂಗ್ಲಿಷಿನಿಂದ ಕನ್ನಡಕ್ಕೆ ಮಾಡಿ ಎರಡು ಹಾಳೆಯಲ್ಲಿ ದಪ್ಪ ಅಕ್ಷರದಲ್ಲಿ ಬರೆದೆ. ಹೋದ ಮಂಗಳವಾರ ಗಂಡನಿಗೆ ರಜೆ ಇತ್ತು. ಮೂವರೂ ಬೆಟ್ಟಕ್ಕೆ ಹೋದೆವು. ನಾನು ಮಗುವಿನ ಜೊತೆ ಡ್ರೈವರ್ ಸೀಟಿನ ಹಿಂದೆಯೇ ಕೂತೆ. ಮಾದಪ್ಪನ ಫೋಟೋ ಮುಂದೆ ನಿಂಬೆಹಣ್ಣು ಇತ್ತು.

ಮೇಲೆ ಜನ ಇಳಿಯುವಾಗ ಹಾಳೆ ಕೊಟ್ಟೆ. ಅವರು ಕನ್ನಡಕ ಹಾಕಿಕೊಂಡು, ಬೆರಳಿಟ್ಟು, ಎರಡು ಸಲ ಓದಿದರು. ಮಂಜು ಬಾಗಿಲಿಂದ ಒಳಗೆ ಬರುತ್ತಿತ್ತು.

"ಅಂದ್ರೆ ಸರಿಯೇ," ಎಂದರು.

"ಸರಿಯೇ. ಬರೀ ಸರಿಯಲ್ಲ, ಐನ್‌ಸ್ಟೈನಂಥ ದೊಡ್ಡ ದೊಡ್ಡವರು ಇಲ್ಲಿಂದಲೇ ಶುರು ಮಾಡಿದ್ದು."

"ಬಸ್‌ಸ್ಟ್ಯಾಂಡಲ್ಲಿ ನಾನು ಯೋಳ್ದಾಗ್ಲೇ ನಿಮಗೆ ಗೊತ್ತಿತ್ತಾ?"

"ಗೊತ್ತಿತ್ತು." ಆಮೇಲೆ, "ವಾಚು ತಿರುಗಿಸಿದ್ದು ನಮ್ಮತ್ತೆ ಅನ್ನೋದೂ ಗೊತ್ತಿತ್ತು," ಎಂದೂ ಹೇಳಿದೆ.

ಅವರು ಹಾಳೆಗಳನ್ನು ನಾಲ್ಕು ಮಡಿಕೆ ಮಾಡಿ ಅಂಗಿಯ ಜೇಬಿಗಿಟ್ಟರು. "ಅವತ್ತೇ ಯೋಳ್ಬೋದಾಗಿತ್ತಲ್ಲವ್ವ," ಎಂದರು. ದನಿಯಲ್ಲಿ ಕೋಪ ಇರಲಿಲ್ಲ. ಟಿಕೆಟ್ ತೆಗೆಯದೆ ಹತ್ತಿದವರನ್ನು ಕೇಳುವ ಹಾಗೆ ಕೇಳಿದರು. ಮಗುವಿನ ಕೆನ್ನೆ ಮುಟ್ಟಿ, ಇಳಿಯಲು ಕಾಯುತ್ತಿದ್ದ ಮುದುಕಿಯೊಬ್ಬರ ಕೈ ಹಿಡಿಯಲು ಎದ್ದು ಹೋದರು.

ವಾಪಸು ಬರುವಾಗಲೂ ಅವರದೇ ಬಸ್ಸು ಸಿಕ್ಕಿತು. ದಾನೇಶ್ವರಿ ನಿದ್ದೆ ಹೋಗಿ ನನ್ನ ತೊಡೆಯ ಮೇಲೆ ಕಲ್ಲಿನಂತೆ ಭಾರವಾಗಿದ್ದಳು. ಮೋರಿ ಬಂತು. ರಸ್ತೆ ಈಗ ರಿಪೇರಿಯಾಗಿದೆ. ಆದರೂ ಅಲ್ಲಿ ನಾಗಯ್ಯ ಬಸ್ಸನ್ನು ಎಷ್ಟು ನಿಧಾನ ಮಾಡಿದರೆಂದರೆ, ನಿಂಬೆಹಣ್ಣು ಅಲುಗಲೂ ಇಲ್ಲ.